ಕೋಟೆ ಮುತ್ತುವ ಓರ್ಕ್‌ಗಳು ಎಲ್ಲಿಂದ ಬಂದರು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಡಿಗ್ರಿ ಕೊನೇ ವರ್ಷ ಓದುತ್ತಿದ್ದೇನೆ. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಬಂಡೆಗಳ ನಡುವೆ ಒಂದು ಕೋಟೆ, ಹೆಸರು ಬೇರೆ ಇಟ್ಟಿದ್ದೇನೆ, ಆದರೆ ಚಿತ್ರದುರ್ಗ ನೋಡಿಯೇ ಬರೆದದ್ದು. ಹತ್ತು ಸಾವಿರ ಓರ್ಕ್‌ಗಳು, ಅಂದರೆ ಇಂಗ್ಲಿಷ್ ಫ್ಯಾಂಟಸಿ ಕತೆಗಳ ಕ್ರೂರ ಜೀವಿಗಳು, ಮುತ್ತಿಗೆ ಹಾಕುತ್ತವೆ. ಕೊನೆಗೆ ಒಂದು ಕಿಂಡಿಯಿಂದ ನುಸುಳುವಾಗ ನಾಯಕಿ ಒಂದೊಂದನ್ನೇ ಕೊಲ್ಲುತ್ತಾಳೆ. ಭಾನುವಾರ ನನ್ನ ಜೊತೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಫ್ಯಾಂಟಸಿ ಪಾತ್ರಗಳ ಆಟ ಆಡುವ ಗೆಳೆಯರಿಗೆ ಓದಲು ಕೊಟ್ಟೆ. ಒಬ್ಬಳು, 'ಹುಟ್ಟಿನಿಂದಲೇ ಕೆಟ್ಟವರು ಅಂತ ಒಂದಿಡೀ ಕುಲವನ್ನು ತೋರಿಸ್ತೀಯಾ? ಇದು ಜಾತಿ ಬುದ್ಧಿ' ಅಂದಳು. ಇನ್ನೊಬ್ಬ, 'ಓರ್ಕ್ ಅಂದ್ರೆ ಓರ್ಕ್, ಸುಮ್ನೆ ತಲೆ ಕೆಡಿಸ್ಕೋಬೇಡ' ಅಂದ. ಮತ್ತೊಬ್ಬ, 'ಓರ್ಕ್ ಟೋಲ್ಕಿನ್ ಅವರದ್ದು, ನೋಟಿಸ್ ಬರುತ್ತೆ' ಅಂತ ಹೆದರಿಸಿದ. ಅವಕ್ಕೆ ಮನಸ್ಸು, ಮನೆ ಎಲ್ಲ ಕೊಟ್ಟರೆ ನನ್ನ ಕ್ಲೈಮ್ಯಾಕ್ಸ್ ಕೆಡುತ್ತೆ. ಓರ್ಕ್ ಬಿಟ್ಟು ನಮ್ಮ ರಾಕ್ಷಸರನ್ನೇ ತರಲಾ? ಒಂದು ಅಧ್ಯಾಯ ಜೊತೆಗಿಟ್ಟಿದ್ದೇನೆ.

ಉತ್ತರ: ಅಧ್ಯಾಯ ಓದಿದೆ. ಕೋಟೆಯ ವರ್ಣನೆ ಚೆನ್ನಾಗಿದೆ, ಬಂಡೆ ಸಂದಿಯ ಗಾಳಿ ನನಗೂ ತಾಗಿತು. ಗೆಳೆಯರ ಮಾತೆಲ್ಲ ಬದಿಗಿಟ್ಟು ನೋಡಿದರೆ ನಿಮ್ಮ ಭಯ ಇಷ್ಟೇ: ಓರ್ಕ್‌ಗೆ ಮನಸ್ಸು ಕೊಟ್ಟರೆ ಕಾಳಗ ಸಪ್ಪೆಯಾಗುತ್ತೆ, ಕೊಡದಿದ್ದರೆ ಬೈಸಿಕೊಳ್ಳಬೇಕಾಗುತ್ತೆ. ಫ್ಯಾಂಟಸಿ ಹಸ್ತಪ್ರತಿ ತಿದ್ದುವ ಕೆಲಸದಲ್ಲಿ ಈ ಸಂಕಟ ನನಗೆ ಹೊಸದಲ್ಲ. ಓರ್ಕ್ ಕೆಟ್ಟವನಾ ಒಳ್ಳೆಯವನಾ ಅನ್ನೋದು ಆಮೇಲಿನ ಮಾತು. ಅವನು ಎಲ್ಲಿಂದ ಬಂದ, ಏನು ತಿಂತಾನೆ, ಯಾಕೆ ಬಂದ ಅನ್ನೋದಕ್ಕೆ ಬರೆಯುವವರ ಹತ್ತಿರ ಉತ್ತರ ಇಲ್ಲದಿದ್ದಾಗಲೇ ಕತೆ ಕೆಡುವುದು.

ನಿಮ್ಮ ಓರ್ಕ್‌ಗಳು ಹಸಿರು ಮೈಯವು, ದಡ್ಡವು, ಕೆಸರಿನಿಂದ ಎದ್ದು ಬಂದವು. ಓರ್ಕ್‌ಗಳನ್ನು ಹೆಸರುವಾಸಿ ಮಾಡಿದ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ 'ದಿ ಹಾಬಿಟ್', 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಗಳಲ್ಲಿ ಈ ಮೂರೂ ಇಲ್ಲ. ಹಸಿರು ಬಣ್ಣ ಗಟ್ಟಿಯಾಗಿದ್ದು 1983ರಲ್ಲಿ ಶುರುವಾದ ವಾರ್‌ಹ್ಯಾಮರ್ ಆಟದ ಗೊಂಬೆಗಳಿಂದ. 1994ರ ವಾರ್‌ಕ್ರಾಫ್ಟ್ ಕಂಪ್ಯೂಟರ್ ಆಟ ಅದನ್ನು ಮನೆಮನೆಗೆ ತಲುಪಿಸಿತು. ನೀವು ಆಡುವ ಆಟದ 1977ರ ರಾಕ್ಷಸ ಕೈಪಿಡಿಯಲ್ಲಿ ಓರ್ಕ್‌ಗೆ ಹಂದಿ ಮೂತಿ ಇತ್ತು. ಜಪಾನಿನ ಆಟ, ಕಾಮಿಕ್ಸ್‌ಗಳಲ್ಲಿ ಇವತ್ತಿಗೂ ಹಂದಿ ಮುಖದ ಓರ್ಕ್ ಸಿಗುತ್ತಾನೆ. ಕೆಸರಿನ ಹೊಂಡದಿಂದ ಹುಟ್ಟಿ ಬರುವ ದೃಶ್ಯ 2001ರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾದ್ದು.

ದಡ್ಡತನದ ಮಾತು ಇನ್ನೂ ಸುಳ್ಳು. 1937ರ 'ದಿ ಹಾಬಿಟ್'ನಲ್ಲಿ ಟೋಲ್ಕಿನ್ ಇವರನ್ನು ಹೆಚ್ಚಾಗಿ ಗಾಬ್ಲಿನ್ ಅಂತಲೇ ಕರೆಯುತ್ತಾರೆ. ಚಂದದ ವಸ್ತು ಮಾಡಲ್ಲ, ಆದರೆ ಜಾಣತನದ ವಸ್ತು ಬೇಕಾದಷ್ಟು ಮಾಡುತ್ತಾರೆ ಅಂತ ಅಲ್ಲಿ ಬರೆದಿದ್ದಾರೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಮೆರಿ ಅನ್ನುವ ಹಾಬಿಟ್, ಅಂದರೆ ಗಿಡ್ಡ ಜನರಲ್ಲೊಬ್ಬ, ಸೆರೆ ಸಿಕ್ಕಾಗ ಅವನ ಹಣೆಗೆ ಗಾಯವಾಗಿರುತ್ತೆ. ಓರ್ಕ್ ನಾಯಕ ಒಂದು ಮರದ ಡಬ್ಬಿಯಿಂದ ಕಪ್ಪು ಮುಲಾಮು ತೆಗೆದು ಒರಟಾಗಿ ಮೆತ್ತುತ್ತಾನೆ. ಉರಿಯುತ್ತೆ, ಆದರೆ ಗಾಯ ವಾಸಿಯಾಗುತ್ತೆ, ಸಾಯುವವರೆಗೆ ಒಂದು ಕಂದು ಕಲೆ ಉಳಿಯುತ್ತೆ. ನನಗೆ ಇಡೀ ಪುಸ್ತಕದಲ್ಲಿ ಓರ್ಕ್ ಬಗ್ಗೆ ತುಂಬ ಇಷ್ಟವಾದ ಜಾಗ ಇದು. ಆ ಮುಲಾಮನ್ನು ಯಾರೋ ಅರೆದಿದ್ದಾರೆ. ಅರೆಯೋದನ್ನು ಅವರಿಗೆ ಯಾರೋ ಕಲಿಸಿದ್ದಾರೆ.

ಹುಟ್ಟಿನ ವಿಷಯಕ್ಕೆ ಬಂದರೆ, 'ದಿ ಹಾಬಿಟ್'ನಲ್ಲೇ ಒಂದು ಕಡೆ ಗೊಲ್ಲಮ್ ಅನ್ನುವ ಗುಹೆವಾಸಿ ಕೆಲವೇ ಗಂಟೆ ಹಿಂದೆ ಒಂದು ಗಾಬ್ಲಿನ್ ಮರಿಯನ್ನು ಹಿಡಿದು ತಿಂದಿರುತ್ತಾನೆ, ಅದು ಕಿರುಚಿದ್ದು ಅವನಿಗೆ ನೆನಪಿದೆ. ಮರಿ ಇದೆ ಅಂದಮೇಲೆ ತಾಯಿ ಇರಲೇಬೇಕು ಅಲ್ವಾ? ಆ ತಾಯಿ ಮಾತ್ರ ಕಾದಂಬರಿಯಲ್ಲಿ ಎಲ್ಲೂ ಮುಖ ತೋರಿಸಲ್ಲ.

ಅಲ್ಲೇ ಇರೋದು ಗಂಟು. ಟೋಲ್ಕಿನ್ ಶ್ರದ್ಧೆಯ ಕ್ಯಾಥೊಲಿಕ್. ಕೆಡುಕಿಗೆ ಏನನ್ನೂ ಹೊಸದಾಗಿ ಸೃಷ್ಟಿಸುವ ಶಕ್ತಿ ಇಲ್ಲ, ಇರುವುದನ್ನು ಕೆಡಿಸಬಹುದು ಅಷ್ಟೇ ಅನ್ನುವುದು ಅವರ ನಂಬಿಕೆ. ಹಾಗಾದರೆ ಓರ್ಕ್ ಯಾವುದನ್ನು ಕೆಡಿಸಿ ಆದದ್ದು? ಅವರು ತೀರಿಕೊಂಡ ಮೇಲೆ 1977ರಲ್ಲಿ ಬಂದ 'ದಿ ಸಿಲ್ಮರಿಲಿಯನ್' ಪ್ರಕಾರ, ಸೆರೆ ಸಿಕ್ಕಿ ಹಿಂಸೆ ಅನುಭವಿಸಿದ, ಸಾವಿಲ್ಲದ ಚೆಲುವ ಜನರಾದ ಎಲ್ಫ್‌ಗಳು. ಎಲ್ಫ್‌ಗೆ ಆತ್ಮ ಇದೆ. ಆತ್ಮ ಇದ್ದರೆ ಅವನು ಬದಲಾಗಬಹುದು. ಬದಲಾಗಬಹುದಾದವನನ್ನು ಸಾವಿರಗಟ್ಟಲೆ ಕೊಚ್ಚಿಹಾಕಿ ಹಾಡು ಹಾಡೋದು ಹೇಗೆ? 1954ರ ಒಂದು ಪತ್ರದ ಕರಡಿನಲ್ಲಿ ಅವರು ಓರ್ಕ್‌ಗಳನ್ನು ಸ್ವಭಾವದಿಂದಲೇ ಕೆಟ್ಟವರು ಅನ್ನುತ್ತಾರೆ, ಉದ್ಧಾರವೇ ಆಗದವರು ಅನ್ನುವಷ್ಟು ದೂರ ಮಾತ್ರ ಹೋಗಲ್ಲ. ಆಮೇಲಿನ ಟಿಪ್ಪಣಿಗಳಲ್ಲಿ ಕೆಟ್ಟುಹೋದ ಮನುಷ್ಯರು ಅಂತ ಒಮ್ಮೆ, ಮಾತು ಕಲಿಸಿದ ಮೃಗಗಳು ಅಂತ ಒಮ್ಮೆ ಬರೆದು ನೋಡಿದರು. ಅವನ್ನೆಲ್ಲ ಮಗ ಕ್ರಿಸ್ಟೋಫರ್ 1993ರಲ್ಲಿ ಪ್ರಕಟಿಸಿದರು. ಮೃಗ ಅನ್ನುವ ಉತ್ತರ ಎಲ್ಲಕ್ಕಿಂತ ಸಲೀಸು. ಆದರೆ ಅವರದೇ ಕಾದಂಬರಿ ಅದಕ್ಕೆ ಒಪ್ಪಲ್ಲ. ಅಲ್ಲಿ ಶಾಗ್ರಾಟ್, ಗೋರ್ಬಾಗ್ ಅನ್ನುವ ಇಬ್ಬರು ಓರ್ಕ್ ಮುಖಂಡರು ಹರಟೆ ಹೊಡೆಯುತ್ತಾರೆ. ಯುದ್ಧ ಮುಗಿದ ಮೇಲೆ ನಂಬಿಕಸ್ಥ ಹುಡುಗರು ನಾಲ್ಕು ಜನರನ್ನು ಕಟ್ಟಿಕೊಂಡು, ದೊಡ್ಡ ಸಾಹೇಬರಿಲ್ಲದ ಕಡೆ ಹೋಗಿಬಿಡೋಣ ಅಂತ. ಜೊತೆಗಾರನನ್ನು ಬಿಟ್ಟು ಓಡಿದ ಶತ್ರುವನ್ನು ಛೀ ಅನ್ನುತ್ತಾರೆ. ಮರುಗಳಿಗೆಯಲ್ಲೇ ತಮ್ಮವನೊಬ್ಬ ಜೇಡದ ಬಲೆಯಲ್ಲಿ ಜೀವಂತ ನೇತಾಡುತ್ತಿದ್ದದ್ದನ್ನು ನೋಡಿಯೂ ಬಿಡಿಸದೆ ಬಂದ ಕತೆ ಹೇಳಿ ನಗುತ್ತಾರೆ. ಮೃಗ ಹಾಗೆ ಮಾತಾಡಲ್ಲ. ಸರಿ ತಪ್ಪು ಗೊತ್ತಿದ್ದೂ ತನಗೆ ಅನ್ವಯಿಸಿಕೊಳ್ಳದವನ ಮಾತು ಅದು. ಅಂಥವರನ್ನು ನಾವೆಲ್ಲ ನೋಡಿದ್ದೇವೆ.

ಇಷ್ಟು ದೊಡ್ಡ ಲೇಖಕರಿಗೇ ಬಿಚ್ಚದ ಗಂಟು ಯಾಕೆ ಉಳಿಯಿತು ಅಂದರೆ, ಕತೆಗೆ ಕೊಲ್ಲಲು ಶತ್ರು ಬೇಕು, ಕೊಂದ ಪಾಪ ಮಾತ್ರ ಬೇಡ. ಟೋಲ್ಕಿನ್ 1916ರಲ್ಲಿ ಮೊದಲ ಮಹಾಯುದ್ಧದ ಸೋಮ್ ಕಾಳಗದಲ್ಲಿ ಇದ್ದವರು. ಎರಡನೇ ಮಹಾಯುದ್ಧದ ಹೊತ್ತಿಗೆ ಮಗನಿಗೆ ಬರೆದ ಪತ್ರಗಳಲ್ಲಿ, ನಿಜ ಜೀವನದಲ್ಲಿ ಓರ್ಕ್‌ಗಳು ಎರಡೂ ಕಡೆ ಇರುತ್ತಾರೆ ಅನ್ನುವ ಮಾತು ಬರುತ್ತೆ. 1974ರಲ್ಲಿ ಬಂದ ನಿಮ್ಮ ಭಾನುವಾರದ ಆಟ ಆ ಅನುಮಾನವನ್ನೆಲ್ಲ ತೆಗೆದುಹಾಕಿತು. ಗುಹೆಗೆ ನುಗ್ಗು, ಕೊಲ್ಲು, ಪಾಯಿಂಟ್ ತಗೋ. ಆಟಕ್ಕೆ ಅಷ್ಟು ಸಾಕಾಗುತ್ತೆ. ಕಾದಂಬರಿಗೆ ಸಾಕಾಗಲ್ಲ.

ಹಾಗಾದರೆ ನಿಮ್ಮ ಗೆಳತಿ ಹೇಳಿದ್ದು ಸರಿಯಾ? ಅರ್ಧ ಸರಿ. 1958ರ ಒಂದು ಪತ್ರದಲ್ಲಿ ಟೋಲ್ಕಿನ್ ಓರ್ಕ್ ಮುಖವನ್ನು ವರ್ಣಿಸುವಾಗ ಮಂಗೋಲ್ ಜನರ ಮುಖಕ್ಕೆ ಹೋಲಿಸಿದ್ದಾರೆ. ಯುರೋಪಿನವರ ಕಣ್ಣಿಗೆ ಚಂದ ಕಾಣದ ಮುಖ ಅನ್ನುವ ಅರ್ಥದಲ್ಲಿ. ಓದಿದರೆ ಮುಜುಗರ ಆಗುತ್ತೆ. ನಿಮ್ಮ ಆಟದ ಕಂಪನಿಯೂ 2020ರಲ್ಲಿ ಓರ್ಕ್‌ಗಳನ್ನು ಹುಟ್ಟಾ ಕೆಟ್ಟವರಾಗಿ ತೋರಿಸುವುದನ್ನು ಬದಲಿಸುತ್ತೇವೆ ಅಂದಿತು. 2024ರ ಆಟಗಾರರ ಕೈಪಿಡಿಯಲ್ಲಿ ಓರ್ಕ್ ಯಾರು ಬೇಕಾದರೂ ಆಡಬಹುದಾದ ಪಾತ್ರ. ಆದರೆ ಓರ್ಕ್ ಬಗ್ಗೆ ಬರೆಯುವುದೇ ತಪ್ಪು ಅಂತ ಇದರ ಅರ್ಥ ಅಲ್ಲ. ಅಲ್ಲಿನ ಓದುಗರು ಓರ್ಕ್ ಮುಖದಲ್ಲಿ ಯಾರ ಮುಖ ಕಂಡರೋ, ಇಲ್ಲಿನವರು ಅದನ್ನೇ ಕಾಣಲ್ಲ. ಇಲ್ಲಿ ಬೇರೆ ಮುಖ ಕಾಣುತ್ತೆ. ನೀವು ಯೋಚಿಸಬೇಕಾದ್ದು ಅದನ್ನು.

ನಿಮ್ಮ ಕೋಟೆಗೆ ಬೇರೆ ಹೆಸರಿಟ್ಟಿದ್ದೀರಿ, ಸರಿ. ಆದರೆ ಬಂಡೆಗಳ ಕೋಟೆ, ಮುತ್ತಿಗೆ, ಕಿಂಡಿ, ನುಸುಳುವವರನ್ನು ಒಬ್ಬೊಬ್ಬರಾಗಿ ಕೊಲ್ಲುವ ಹೆಂಗಸು ಅಂದಮೇಲೆ ಕನ್ನಡದ ಯಾವ ಓದುಗರಿಗೂ ಒನಕೆ ಓಬವ್ವ ನೆನಪಾಗದೆ ಇರಲ್ಲ. ಓಬವ್ವ ನೆನಪಾದಮೇಲೆ ಕಿಂಡಿಯ ಆಚೆ ಇರುವವರು ಯಾರು? ಹೈದರಾಲಿಯ ಸೈನಿಕರು. ನೀವು ಮನಸ್ಸಿನಲ್ಲೂ ಅಂದುಕೊಳ್ಳದೆ, ಆ ಸೈನ್ಯಕ್ಕೆ ಕೋರೆಹಲ್ಲು ಅಂಟಿಸಿ, ಹುಟ್ಟಿನಿಂದಲೇ ಕೆಟ್ಟವರು ಅಂದಂತಾಯಿತು. ಅಲ್ಲಿಂದ ಓದುಗ ಇವತ್ತಿನ ಯಾವ ಜನರ ಮೇಲೆ ಆ ಮುಖ ಅಂಟಿಸುತ್ತಾನೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಕೆಲವರು ಅದಕ್ಕೇ ನಿಮ್ಮ ಪುಸ್ತಕವನ್ನು ಮೆಚ್ಚಿಕೊಳ್ಳಲೂಬಹುದು. ಆ ಮೆಚ್ಚುಗೆ ಬೈಗುಳಕ್ಕಿಂತ ಕೆಟ್ಟದ್ದು.

ಇನ್ನೊಂದು ಕಡೆಯಿಂದಲೂ ನೋಡಿ. ನಿಮ್ಮ ಓರ್ಕ್‌ಗಳು ಕಾಡಿನಲ್ಲಿರುತ್ತಾರೆ, ಅವರ ಹಸಿರು ಮೈ ಕಪ್ಪಿಗೆ ತಿರುಗಿದೆ, ಚರ್ಮ ಉಡುತ್ತಾರೆ, ಬೇಟೆಯಾಡಿ ಮಾಂಸ ತಿನ್ನುತ್ತಾರೆ. ಕೋಟೆಯೊಳಗಿನವರು ಬೆಳ್ಳಗಿದ್ದಾರೆ, ಅವರ ಊಟದಲ್ಲಿ ಹಾಲು, ತುಪ್ಪ, ಅನ್ನ. ದುರ್ಗವನ್ನು ಆಳಿದ ಪಾಳೇಗಾರರೇ ಬೇಡ ನಾಯಕರು! ಬೇಟೆಯ ಹಿನ್ನೆಲೆಯಿಂದ ಬಂದು ಆ ಕೋಟೆ ಕಟ್ಟಿಸಿದ ಜನ. ನಿಮ್ಮ ವರ್ಣನೆಯಲ್ಲಿ ಅವರು ಗೋಡೆಯ ಹೊರಗಡೆ ನಿಂತುಬಿಟ್ಟಿದ್ದಾರೆ. ಗೆಳತಿಗೆ ಜಾತಿ ವಾಸನೆ ಹೊಡೆದದ್ದು ಇಲ್ಲಿಂದಲೇ ಇರಬೇಕು, ಓರ್ಕ್ ಅನ್ನುವ ಹೆಸರಿನಿಂದ ಅಲ್ಲ.

ಮೂರನೆಯದು ಭಾಷೆ. ನಿಮ್ಮ ಅಧ್ಯಾಯದ ಈ ಎರಡು ಸಾಲು ನೋಡಿ. ಓರ್ಕ್ ದಳಪತಿ ಅನ್ನುತ್ತಾನೆ: 'ಏನಲೇ, ಕಿಂಡಿ ಮುಂದ ನಿಂತು ಏನ್ ನೋಡ್ತೀರಲೇ, ನುಗ್ರಿ!' ನಾಯಕಿ ಅನ್ನುತ್ತಾಳೆ: 'ಎಲೈ ದುರುಳರೇ, ಈ ದುರ್ಗವು ಎಂದೆಂದಿಗೂ ನಿಮ್ಮ ವಶವಾಗಲಾರದು!' ದಾವಣಗೆರೆಯ ಹುಡುಗ ಬರೆದ ಪುಸ್ತಕದಲ್ಲಿ ದಾವಣಗೆರೆ ಮಾತಾಡುವವನು ಓರ್ಕ್ ಒಬ್ಬನೇ. ನನಗಂತೂ ಅವನ ಮೇಲೇ ಪ್ರೀತಿ ಬಂತು. ಇಂಗ್ಲಿಷ್ ಫ್ಯಾಂಟಸಿಯಲ್ಲೂ ಹೀಗೇ ಆಗಿದೆ. ಅಲ್ಲಿ ದೈತ್ಯರು, ಓರ್ಕ್‌ಗಳು ಲಂಡನ್ನಿನ ಕೂಲಿಕಾರರ ಧಾಟಿಯಲ್ಲಿ ಮಾತಾಡುತ್ತಾರೆ, ರಾಜರು ಹಳೇ ಕಾವ್ಯದ ಧಾಟಿಯಲ್ಲಿ. ಆ ಕೆಟ್ಟ ಚಾಳಿ ನಿಮಗೆ ಬೇಡ. ಇಬ್ಬರಿಗೂ ಊರಿನ ಮಾತು ಕೊಡಿ, ಇಲ್ಲ ಇಬ್ಬರಿಗೂ ಪುಸ್ತಕದ ಮಾತು ಕೊಡಿ.

ಹಾಗೇ ಇನ್ನೊಂದು: ಮೊದಲ ಪುಟದಲ್ಲಿ ಓರ್ಕ್‌ಗಳು 'ಬಂದವು', ನಾಲ್ಕನೇ ಪುಟದಲ್ಲಿ 'ಬಂದರು'. ಕನ್ನಡದಲ್ಲಿ ಇದನ್ನು ಮುಚ್ಚಿಡೋಕೆ ಆಗಲ್ಲ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಅಥವಾ ನಾಯಕಿ 'ಬಂದವು' ಅಂತ ಶುರುಮಾಡಿ ಯಾವಾಗ 'ಬಂದರು' ಅನ್ನುತ್ತಾಳೆ ಅನ್ನುವುದನ್ನು ಬೇಕಂತಲೇ ಇಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಓರ್ಕ್‌ಗಳನ್ನು ಮನಸ್ಸೇ ಇಲ್ಲದ ಜೀವ ಮಾಡಬಹುದು. ಮಂತ್ರದಿಂದ ಎದ್ದ ಮಣ್ಣಿನ ಗೊಂಬೆ, ಅಥವಾ ವಾರ್‌ಹ್ಯಾಮರ್ 40,000 ಆಟದಲ್ಲಿ ಮಾಡಿದ ಹಾಗೆ ಅಣಬೆಯಂತೆ ಬೀಜಕಣದಿಂದ ಬೆಳೆಯುವ ಜೀವ. ಅಲ್ಲಿ ಅಪ್ಪ ಅಮ್ಮ ಇಲ್ಲ, ಮಕ್ಕಳಿಲ್ಲ, ಹೊಡೆದಾಟವೇ ಅವರಿಗೆ ಜಾತ್ರೆ. ಆಗ ಕೊಲ್ಲುವ ಪಾಪವೂ ಇಲ್ಲ. ಆದರೆ ಅದು ನಡೆಯುವುದು ಆ ಆಟ ಇಡೀ ವಿಷಯವನ್ನು ತಮಾಷೆ ಮಾಡಿರುವುದರಿಂದ. ನಿಮ್ಮ ಕಾದಂಬರಿ ಗಂಭೀರವಾದದ್ದು. ಗೊಂಬೆಗಳನ್ನು ಮುನ್ನೂರು ಪುಟ ಕೊಲ್ಲುತ್ತಾ ಹೋದರೆ ಓದುಗನಿಗೆ ಆಕಳಿಕೆ ಬರುತ್ತೆ. ಜೊತೆಗೆ ಗೊಂಬೆ ಬೈಯಬಾರದು, ಹೆದರಬಾರದು, ಓಡಿಹೋಗಬಾರದು. ಒಂದು ಸಲ ಹೆದರಿತು ಅಂದರೆ ಲೆಕ್ಕ ತಪ್ಪಿತು.

ಕೆಡಿಸಲ್ಪಟ್ಟ ಜನ ಅಂತ ತೋರಿಸಬಹುದು. ವಾರ್‌ಕ್ರಾಫ್ಟ್‌ನಲ್ಲಿ ಓರ್ಕ್‌ಗಳು ಬೇರೆ ಲೋಕದ ಬುಡಕಟ್ಟುಗಳು. ಮುಖಂಡರ ಮಾತು ಕೇಳಿ ಪಿಶಾಚಿಯ ರಕ್ತ ಕುಡಿದು ಹುಚ್ಚೆದ್ದವರು, ಸೋತು ಸೆರೆ ಶಿಬಿರಗಳಲ್ಲಿ ಕೊಳೆತವರು. 2002ರ ಮೂರನೇ ಆಟದಲ್ಲಿ ಥ್ರಾಲ್ ಅನ್ನುವ ಓರ್ಕ್ ತನ್ನವರನ್ನು ಅದರಿಂದ ಹೊರಗೆ ತರುತ್ತಾನೆ. ಬಲವಾದ ದಾರಿ ಇದು. ಅಪಾಯ ಏನಂದರೆ, ಶಾಪ ಹಾಕಿದವನು ಸತ್ತ ಕೂಡಲೇ ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ, ಮಾಡಿದ್ದಕ್ಕೆ ಯಾರೂ ಹೊಣೆಯಲ್ಲ. ಹಾಗೆ ಮುಗಿಸಿದರೆ ಮೋಸ.

ಇಲ್ಲ, ಅವರಿಗೂ ಒಂದು ನೆಲ, ಒಂದು ಕಾರಣ ಕೊಡಬಹುದು. ನಾನಾದರೆ ಇದನ್ನೇ ಆರಿಸಿಕೊಳ್ಳುತ್ತೇನೆ, ಅದಕ್ಕೆ ನಿಮ್ಮ ಜಾಗವೇ ಕಾರಣ. ಹತ್ತು ಸಾವಿರ ಓರ್ಕ್‌ಗಳು ಬಂದು ಕೋಟೆ ಮುಂದೆ ತಿಂಗಳುಗಟ್ಟಲೆ ಕೂತರು ಅಂತ ಬರೆದಿದ್ದೀರಿ. ಏನು ತಿಂದರು? ಏನು ಕುಡಿದರು? ಚಿತ್ರದುರ್ಗದ ಸೀಮೆ ಮಳೆ ಕಡಿಮೆ ಇರುವ ಜಾಗ. ಟೋಲ್ಕಿನ್ ಅವರ ಪಾಳುಭೂಮಿ ಮೋರ್ಡೋರ್‌ಗೂ ದಕ್ಷಿಣದಲ್ಲಿ ನುರ್ನೆನ್ ಅನ್ನುವ ಸರೋವರ ಇದೆ. ಅದರ ದಡದ ಹೊಲಗಳಲ್ಲಿ ಗುಲಾಮರು ದುಡಿದು ಸೈನ್ಯಕ್ಕೆ ಅನ್ನ ಬೆಳೆಯುತ್ತಾರೆ. ಒಂದೇ ಸಾಲಿನ ಮಾತು, ಆದರೆ ಲೆಕ್ಕ ಸರಿಹೋಯಿತು. ನಿಮ್ಮ ಕೋಟೆಯೊಳಗೆ ಬೇಸಿಗೆಯಲ್ಲೂ ತುಂಬಿರುವ ಹೊಂಡಗಳಿವೆ, ದುರ್ಗದ ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡದ ಹಾಗೆ. ಮೂರು ವರ್ಷ ಮಳೆ ಇಲ್ಲದ ಸೀಮೆಯಿಂದ ಬಂದವರಿಗೆ ಆ ನೀರು ಸಾಕಲ್ವಾ ಕಾರಣ? ಆಗ ಮುತ್ತಿಗೆಗೆ ಅರ್ಥ ಬರುತ್ತೆ. ಕೋಟೆಯವರು ಗಡಿಗೆ ನೀರು ಕೊಡಲ್ಲ ಅಂದಿದ್ದರೆ ತಪ್ಪು ಇಬ್ಬರಲ್ಲೂ ಹಂಚಿಹೋಗುತ್ತೆ. ಓರ್ಕ್‌ಗಳು ಬರುವ ದಾರಿಯಲ್ಲಿ ಎರಡು ಹಳ್ಳಿ ಸುಟ್ಟಿದ್ದರೆ ಅವರೂ ಮುಗ್ಧರಲ್ಲ.

ಇದರ ಅಪಾಯ ಏನಂದರೆ, ಓರ್ಕ್ ಅಂದರೆ ಕೋರೆಹಲ್ಲಿನ ಮನುಷ್ಯ ಅಷ್ಟೇ ಆಗಿಬಿಡೋದು. ಹಾಗಾದರೆ ಓರ್ಕ್ ಯಾಕೆ ಬೇಕಿತ್ತು ಅಂತ ಓದುಗ ಕೇಳುತ್ತಾನೆ, ಕೇಳಲೇಬೇಕು. ಮೈಯಿಂದಲೇ ಬೇರೆ ಮಾಡಿ. ಬಿಸಿಲು ತಡೆಯಲ್ಲ ಅನ್ನುವುದು ಓರ್ಕ್‌ನ ಹಳೆಯ ಗುಣ. ಅದನ್ನು ನಿಮ್ಮ ಬಂಡೆಗಳಿಗೆ ತನ್ನಿ. ಏಪ್ರಿಲ್ ಮಧ್ಯಾಹ್ನ ದುರ್ಗದ ಕಲ್ಲು ಮುಟ್ಟಿದರೆ ಚುರುಕ್ ಅನ್ನುತ್ತೆ. ಹಗಲೆಲ್ಲ ಅವರು ಬಂಡೆ ಸಂದಿಯಲ್ಲಿ ಮೈ ಮುದುಡಿ ಮಲಗುತ್ತಾರೆ, ಕಲ್ಲು ತಣಿದ ಮೇಲೆ ಏಳುತ್ತಾರೆ. ಅವರ ಅಡುಗೆ, ಹಬ್ಬ, ಕಳ್ಳತನ ಎಲ್ಲ ರಾತ್ರಿ. ಕೋಟೆಯವರಿಗೆ ಹಗಲು, ಇವರಿಗೆ ರಾತ್ರಿ. ಎರಡು ಕುಲಗಳು ಒಬ್ಬರನ್ನೊಬ್ಬರು ಎಚ್ಚರವಾಗಿ ನೋಡುವುದೇ ಮುಸ್ಸಂಜೆಯಲ್ಲಿ ಮಾತ್ರ.

ಕ್ಲೈಮ್ಯಾಕ್ಸ್ ಕೆಡುತ್ತೆ ಅನ್ನುವ ಭಯ ಬಿಡಿ. ಈಗ ನಿಮ್ಮ ನಾಯಕಿ ಕಿಂಡಿಯಲ್ಲಿ ಇಪ್ಪತ್ತೇಳು ಓರ್ಕ್‌ಗಳನ್ನು ಕೊಲ್ಲುತ್ತಾಳೆ. ಐದನೆಯದರ ಹೊತ್ತಿಗೆ ನಾನು ಪುಟ ಹಾರಿಸಿದೆ. ಅವರಲ್ಲಿ ಒಬ್ಬನನ್ನು ಓದುಗ ಮೊದಲೇ ನೋಡಿರಲಿ. ಹಿಂದಿನ ಅಧ್ಯಾಯದಲ್ಲಿ ಅವನು ತೋಲಿನ ಚೀಲ ಹಿಂಡಿ ಕೊನೇ ಹನಿ ನೀರನ್ನು ಜೊತೆಗಾರನಿಗೆ ಕೊಟ್ಟಿರಲಿ. ನಾಯಕಿಗೆ ಅದು ಗೊತ್ತಿರಬೇಕಿಲ್ಲ, ಅವಳು ಹೊಡೆಯಲಿ. ಕೋಟೆ ಉಳಿಸಿಕೊಳ್ಳಲು ಅವಳು ಹೊಡೆಯಲೇಬೇಕು. ಆಗ ಓದುಗ ಪುಟ ಹಾರಿಸಲ್ಲ.

ರಾಕ್ಷಸರನ್ನು ತರಲಾ ಅಂತ ಕೇಳಿದ್ದೀರಿ. ತರಬಹುದು, ಆದರೆ ಸಲೀಸಾಗುತ್ತೆ ಅಂದುಕೊಂಡು ತರಬೇಡಿ. ದುರ್ಗದ ಕೋಟೆಯೊಳಗೇ ಹಿಡಿಂಬೇಶ್ವರ ಗುಡಿ ಇದೆ. ಹಿಡಿಂಬನ ಹಲ್ಲು ಅಂತ ಅಲ್ಲಿ ಒಂದನ್ನು ತೋರಿಸುತ್ತಾರೆ. ಭೀಮ ಕೊಂದ ರಾಕ್ಷಸನ ಹೆಸರಲ್ಲಿ ಶಿವನಿಗೆ ಪೂಜೆ! ಅದೇ ಹಿಡಿಂಬನ ತಂಗಿ ಭೀಮನ ಹೆಂಡತಿ, ಅವರ ಮಗ ಘಟೋತ್ಕಚ ಪಾಂಡವರಿಗಾಗಿ ಯುದ್ಧ ಮಾಡಿ ಕರ್ಣನ ಶಕ್ತ್ಯಾಯುಧಕ್ಕೆ ಸತ್ತ. ವ್ಯಾಸಭಾರತದ ದ್ರೋಣಪರ್ವದಲ್ಲಿ ಪಾಂಡವರು ಅಳುವಾಗ ಕೃಷ್ಣ ಕುಣಿಯುತ್ತಾನೆ. ಕರ್ಣ ಕೊಲ್ಲದಿದ್ದರೆ ಇವನನ್ನು ನಾನೇ ಕೊಲ್ಲಬೇಕಾಗುತ್ತಿತ್ತು, ಯಜ್ಞಗಳ ವೈರಿ ಇವನು ಅನ್ನುತ್ತಾನೆ. ನಮ್ಮ ಕಡೆ ನಿಂತು ಸತ್ತರೂ ಅವನು ಪೂರ್ತಿ ನಮ್ಮವನಾಗಲಿಲ್ಲ. ಆಟದಲ್ಲಿ ಅರೆ ಓರ್ಕ್ ಪಾತ್ರಕ್ಕೆ ಬರೆದ ಯಾವ ಹಿನ್ನೆಲೆಯೂ ಇದರ ಹತ್ತಿರ ಬರಲ್ಲ. ದೀಪಾವಳಿಯಲ್ಲಿ ಬಲೀಂದ್ರನನ್ನು ಮನೆಗೆ ಕರೆಯುವ ಜನ ನಾವು. ನಮ್ಮಲ್ಲಿ ರಾಕ್ಷಸ ಅಂದರೆ ನೆಂಟ, ಭಕ್ತ, ರಾಜ, ಒಮ್ಮೊಮ್ಮೆ ದೇವರು. ಪಾಪವಿಲ್ಲದೆ ಕೊಲ್ಲಲು ಶತ್ರು ಬೇಕು ಅಂತ ಅವರನ್ನು ತಂದರೆ ಓರ್ಕ್‌ಗಿಂತ ಜಾಸ್ತಿ ತೊಂದರೆ. ಅವರನ್ನು ಪೂಜಿಸುವವರೂ, ತಮ್ಮ ಪೂರ್ವಿಕರು ಅನ್ನುವವರೂ ಇದ್ದಾರೆ. ಇಂಥ ನಂಟುಗಳೇ ಬೇಕು ಅನ್ನಿಸಿದರೆ ಮಾತ್ರ ತನ್ನಿ.

ನೋಟಿಸ್ ವಿಷಯ ಚಿಕ್ಕದು. ಓರ್ಕ್ ಅನ್ನುವ ಕಲ್ಪನೆ ಯಾರೊಬ್ಬರ ಸ್ವತ್ತೂ ಅಲ್ಲ. ಅದರ ಬೇರು ಹಳೆಯ ಇಂಗ್ಲಿಷ್ ಕಾವ್ಯದಲ್ಲೇ ಇದೆ. 1970ರ ದಶಕದಲ್ಲಿ ಹಕ್ಕಿನ ತಕರಾರು ಬಂದಾಗ ನಿಮ್ಮ ಆಟದ ಕಂಪನಿ ಹಾಬಿಟ್ ಅನ್ನು ಹಾಫ್ಲಿಂಗ್ ಅಂತ ಬದಲಿಸಿತು, ಓರ್ಕ್ ಹಾಗೇ ಉಳಿಯಿತು. ಆದರೆ ಮೋರ್ಡೋರ್, ಉರುಕ್ ಹೈ (ಅವರ ಓರ್ಕ್‌ಗಳ ಒಂದು ತಳಿ) ಅನ್ನುವಂಥ ಹೆಸರುಗಳು, ಟೋಲ್ಕಿನ್ ಕಟ್ಟಿದ ಭಾಷೆಯ ಸಾಲುಗಳು, ಅವರ ಪಾತ್ರಗಳು ಬೇಡ. ಅವರು ತೀರಿಕೊಂಡಿದ್ದು 1973ರಲ್ಲಿ, ನಮ್ಮ ಕಾಯ್ದೆಯಲ್ಲಿ ಲೇಖಕರ ನಂತರ 60 ವರ್ಷ ಹಕ್ಕು ಇರುತ್ತೆ. ಅಂದರೆ 2033 ಮುಗಿಯುವವರೆಗೆ. ಆಟಗಳ ಓರ್ಕ್ ದೇವರುಗಳು, ಕುಲದ ಹೆಸರುಗಳು, ಲಾಂಛನಗಳು ಕಂಪನಿಗಳವು. ಸಾಮಾನ್ಯವಾಗಿ ಎಡವಟ್ಟು ಆಗುವುದು ಮುಖಪುಟದಲ್ಲಿ. ಚಿತ್ರ ಬರೆಯುವವರು ನೆಟ್‌ನಲ್ಲಿ ಸಿಕ್ಕ ಆಟದ ಓರ್ಕ್ ನೋಡಿಕೊಂಡು ಅದೇ ಭುಜದ ಕವಚ, ಅದೇ ಕೊಡಲಿ ಬರೆದುಬಿಡುತ್ತಾರೆ. ಅವರಿಗೆ ನಿಮ್ಮ ಓರ್ಕ್ ಹೇಗಿದ್ದಾನೆ ಅಂತ ಅರ್ಧ ಪುಟ ಬರೆದುಕೊಡಿ. ಕರಡು ಚಿತ್ರ ಬಂದಾಗ ಭಾನುವಾರದ ಗೆಳೆಯರಿಗೆ ತೋರಿಸಿ, ಇದು ಯಾವ ಆಟದ್ದು ಅಂತ ಅವರು ಥಟ್ಟನೆ ಹೇಳಿದರೆ ವಾಪಸ್ ಕಳಿಸಿ.